ಇಪ್ಪತ್ತೇಳೂವರೆ

ಆಗಸ್ಟ್ 4, ಸೋಮವಾರ

ವಿಶ್ವನಾಥ್ ಇವತ್ತು ಮತ್ತೆ ಫೋನ್ ಮಾಡಿದ್ದರು. ನನ್ನವಳು ಸುಮಂಗಲಾ ತೀರಿಕೊಂಡ ಮೇಲೆ ರಸಾಯನಶಾಸ್ತ್ರ ವಿಭಾಗಕ್ಕೆ ಅವರೇ ಮುಖ್ಯಸ್ಥರು. "ಪರಮಾನಂದ ಸಾರ್, ಎರಡೇ ಪುಟ. ಮೇಡಂ ಜೀವನ, ಮೇಡಂ ಸೇವೆ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಹೇಳಿ" ಎಂದರು. ಸೆಪ್ಟೆಂಬರ್ ಹನ್ನೆರಡಕ್ಕೆ ವಿಶ್ವವಿದ್ಯಾಲಯದಲ್ಲಿ ಕಾರ್ಯಕ್ರಮ. ಅವಳ ಹೆಸರಿನಲ್ಲಿ ಚಿನ್ನದ ಪದಕ, ಒಂದು ಸ್ಮರಣ ಸಂಚಿಕೆ. ಸಂಚಿಕೆಯ ಮೊದಲ ಎರಡು ಪುಟ ನನ್ನದಂತೆ.

ಮೂವತ್ತೆರಡು ವರ್ಷ ಪೀಣ್ಯದ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಬೇರಿಂಗ್ ಅಳೆದವನು ನಾನು. ಬರೆದದ್ದೆಂದರೆ ಅಳತೆಯ ರಿಜಿಸ್ಟರು, ರಜೆ ಅರ್ಜಿ, ಈ ಡೈರಿ. ಕಾಲೇಜಿನ ಇಂಗ್ಲಿಷು "ಐ ಬೆಗ್ ಟು ಸ್ಟೇಟ್ ದಟ್" ಎನ್ನುವ ತನಕ ಗಟ್ಟಿಯಾಗಿ ಬರುತ್ತದೆ. ಏನು ಸ್ಟೇಟ್ ಮಾಡಬೇಕು ಎನ್ನುವಲ್ಲಿ ನಿಂತುಬಿಡುತ್ತದೆ. ಕನ್ನಡದಲ್ಲೇ ಬರೆಯೋಣ ಎಂದು ಕೂತೆ.

ಅವಳು ಹುಟ್ಟಿದ್ದು ಹರಪನಹಳ್ಳಿ, ತಂದೆ ಹಾಸ್ಟೆಲ್ ವಾರ್ಡನ್. ಎಂ.ಎಸ್ಸಿ. ಧಾರವಾಡ. ಮದುವೆಯಾದಾಗ ನಾನು ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಿಟ್ಟವನು. ಹೆಣ್ಣಿನ ಕಡೆಯವರು ಹುಡುಗನ ಮಾರ್ಕ್ಸ್ ಕಾರ್ಡ್ ನೋಡಲಿಲ್ಲವೇ ಎಂದು ಬೀಗರೂಟದಲ್ಲೇ ಯಾರೋ ಹಾಸ್ಯ ಮಾಡಿದ್ದರು. ಆಮೇಲೆ ಒಂಬತ್ತು ವರ್ಷ ನಾಗಸಂದ್ರದಿಂದ ತುಮಕೂರಿನ ಕಾಲೇಜಿಗೆ ದಿನಾ ಬಸ್ಸು, ಬಸ್ಸಿನಲ್ಲೇ ನಾಳಿನ ಪಾಠದ ತಯಾರಿ. ನಲವತ್ತೊಂದನೇ ವಯಸ್ಸಿಗೆ ಪಿಎಚ್.ಡಿ. ಆಮೇಲೆ ವಿಶ್ವವಿದ್ಯಾಲಯ. ಪ್ರಯೋಗಾಲಯದ ಗಾಜಿನ ಸಾಮಾನನ್ನು ಅಟೆಂಡರಿಗೆ ಬಿಡದೆ ವಿದ್ಯಾರ್ಥಿಗಳ ಜೊತೆ ತಾನೇ ನಿಂತು ತೊಳೆಯುತ್ತಿದ್ದಳು. "ತೊಳೆಯಕ್ಕೆ ಬರದವನಿಗೆ ಅಳೆಯಕ್ಕೂ ಬರಲ್ಲ" ಎನ್ನುವುದು ಅವಳ ಮಾತು. ಪಿಯುಸಿಯಲ್ಲಿ ಒಂದು ಸಲ ಫೇಲಾಗಿದ್ದಳು, ಅದು ಬೇಡ. ನಮಗೆ ಮಕ್ಕಳಾಗಲಿಲ್ಲ; ಎರಡು ಪುಟದಲ್ಲಿ ಅದು ಬರಬೇಕೋ ಬೇಡವೋ ತಿಳಿಯಲಿಲ್ಲ.

ಕೊನೆಗೆ ಒಂದು ವಾಕ್ಯ ಸಿಕ್ಕಿತು. "ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಪ್ರೊ. ಸುಮಂಗಲಾ ಅವರು ನೀಡಿದ ಒಂದೇ ಒಂದು ಅಂಕವೂ ತಿದ್ದುಪಡಿಗೆ ಒಳಗಾಗಲಿಲ್ಲ." ಅನ್‌ಬ್ಲೆಮಿಶ್ಡ್ ಕೆರಿಯರ್, ಕಲೆಯಿಲ್ಲದ ಸೇವೆ, ಎಂದರೆ ಇದೇ. ವಾಕ್ಯದ ಕೆಳಗೆ ಗೆರೆ ಎಳೆದೆ.

ಆಗಸ್ಟ್ 9, ಶನಿವಾರ

ಪೂಜೆ ಮುಗಿಸಿದ್ದೆ, ಹಣೆಯ ವಿಭೂತಿ ಇನ್ನೂ ಹಸಿ, ಗೇಟು ಸದ್ದಾಯಿತು. ತಾಯಿ, ಮಗಳು. ತಾಯಿಯ ಹೆಸರು ಮಹಾಂತಮ್ಮ. ಲಿಂಗಸುಗೂರು ಕಡೆಯವರು, ಹದಿನಾರು ವರ್ಷದಿಂದ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಮಗಳು ಭಾಗ್ಯಶ್ರೀ ಸುಮಂಗಲಾಳ ಕೊನೆಯ ಎಂ.ಎಸ್ಸಿ. ತಂಡದವಳು. ಕೂರಿ ಎಂದರೂ ಹುಡುಗಿ ಕೂರಲಿಲ್ಲ.

"ಅನಲಿಟಿಕಲ್ ಪೇಪರಲ್ಲಿ ಫೇಲ್ ಅಂತ ಬಂದಿದೆ ಸಾರ್. ಎಪ್ಪತ್ತಕ್ಕೆ ಇಪ್ಪತ್ತೆಂಟು ಬೇಕು ಪಾಸಾಗಕ್ಕೆ. ಅಂಕದ ಲಿಸ್ಟಲ್ಲಿ ಇಪ್ಪತ್ತೇಳಿದೆ. ಉತ್ತರಪತ್ರಿಕೆ ಜೆರಾಕ್ಸ್ ತೆಗೆಸಿದ್ರೆ ಅದ್ರ ಮೇಲೆ ಇಪ್ಪತ್ತೇಳೂವರೆ ಇದೆ. ಅರ್ಧ ಬಂದ್ರೆ ಮೇಲಕ್ಕೆ ಏರಿಸ್ಬೇಕು ಅಂತ ಯೂನಿವರ್ಸಿಟಿ ರೂಲು."

"ಹಾಗಾದರೆ ಅರ್ಜಿ ಕೊಡಮ್ಮ."

"ಕೊಟ್ಟೆ ಸಾರ್. ಕೊಟ್ಟಿದ್ದಕ್ಕೇ ಈಗ ನನ್ ಮೇಲೆ ಕೇಸು."

ಪರೀಕ್ಷಾ ವಿಭಾಗದ ವಾದ ಹೀಗಂತೆ. ಸುಮಂಗಲಾ ಮೇಡಂ ಕೈಯಲ್ಲಿ ಲಿಸ್ಟು ತಪ್ಪಾಗುವುದು ಸಾಧ್ಯವೇ ಇಲ್ಲ. ಆದ್ದರಿಂದ ಪತ್ರಿಕೆಯ ಮೇಲಿನ ಆ ಅರ್ಧವನ್ನು ಯಾರೋ ಆಮೇಲೆ ಸೇರಿಸಿದ್ದಾರೆ. ಹುಡುಗಿ ಯಾರನ್ನೋ ಹಿಡಿದು ಮಾಡಿಸಿದ್ದಾಳೆ. ಸೆಪ್ಟೆಂಬರ್ ಒಂಬತ್ತಕ್ಕೆ ವಿಚಾರಣೆ. ಸಾಬೀತಾದರೆ ಅವಳು ಮತ್ತೆ ಪರೀಕ್ಷೆಗೇ ಕೂರದ ಹಾಗೆ ಮಾಡಬಹುದು. ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ, ಸೆಪ್ಟೆಂಬರ್ ಮೂವತ್ತರೊಳಗೆ ಪಾಸಾದ ಕಾಗದ ತೋರಿಸಬೇಕು.

"ಇದು ಮೇಡಂ ಕೈಬರಹಾನೋ ಅಲ್ವೋ, ಅಷ್ಟು ಬರ್ದುಕೊಡಿ ಸಾರ್. ಬೇರೇನೂ ಬೇಡ" ಎಂದು ಜೆರಾಕ್ಸ್ ಚಾಚಿದಳು.

ನಾನು ಮೇಲುಮೇಲೆ ನೋಡಿ ವಾಪಸು ಕೊಟ್ಟೆ. ಕಣ್ಣಿನ ಪೊರೆ ಬೆಳೆದಿದೆ, ಗುರುತು ಹತ್ತುವುದಿಲ್ಲ ಎಂದೆ.

ಮಹಾಂತಮ್ಮ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. "ಗೇಟಿನ ಆಕಡೆ ಇದ್ದಾಗs ನನ್ನ ಕೊಳ್ಳಾಗಿನ ಕಾರ್ಡ್ ಓದಿ, 'ಗಾರ್ಮೆಂಟ್ಸಿನವರೇನು' ಅಂದ್ರಿ. ಕೈಯಾಗಿನ ಹಾಳಿ ಕಾಣವಲ್ದೇನ್ರಿ ಸರ?" ಎಂದರು.

ಕಾಫಿ ಬೇಡವೆಂದು ಹೋದರು.

ಆಗಸ್ಟ್ 10, ಭಾನುವಾರ

ಜೀವನಚರಿತ್ರೆ ಮುಂದುವರಿಯಲಿಲ್ಲ. ಕಣ್ಣಿನ ಡಾಕ್ಟರನ್ನು ನೋಡಬೇಕು.

ಆಗಸ್ಟ್ 14, ಗುರುವಾರ

ವಿಶ್ವನಾಥ್ ಮನೆಗೇ ಬಂದರು. ಹುಡುಗಿ ಬಂದಿದ್ದಳೆಂದು ನಾನೇ ಫೋನಿನಲ್ಲಿ ಹೇಳಿಬಿಟ್ಟಿದ್ದೆ, ಹೇಳಬಾರದಿತ್ತು. ಶೂ ಬಿಚ್ಚುತ್ತಲೇ ಶುರು ಮಾಡಿದರು.

"ಅವಳಿಗೆ ಏನೂ ಬರ್ದುಕೊಡಬೇಡಿ ಸಾರ್. ಮೇಡಂ ಲಿಸ್ಟನ್ನ ಪ್ರಶ್ನೆ ಮಾಡೋದು ಅಂದ್ರೆ ಮೇಡಂನೇ ಪ್ರಶ್ನೆ ಮಾಡಿದ ಹಾಗೆ. ನಾನು ಬಿಡಲ್ಲ."

"ಮಿಕ್ಕವರ ಪತ್ರಿಕೆ ನೋಡಿದರೆ ತಿಳಿಯುವುದಿಲ್ಲವೇ?" ಎಂದೆ. ಬಾಯಿ ತಪ್ಪಿ ಬಂತು.

"ಆರು ತಿಂಗಳಾದ್ಮೇಲೆ ಪತ್ರಿಕೆ ಕಟ್ಟೆಲ್ಲಾ ರದ್ದಿಗೆ ಹೋಗುತ್ತೆ. ಜೆರಾಕ್ಸ್ ಕೇಳಿದ್ದಳಲ್ಲ, ಅವಳದೊಂದೇ ಉಳಿದಿರೋದು." ಆಮೇಲೆ ತಗ್ಗಿದ ದನಿಯಲ್ಲಿ, "ಇನ್ನೊಂದು ವಿಷಯ ಸಾರ್. ಕಟ್ಟು ಮನೆಗೆ ತರೋ ಹಾಗಿಲ್ಲ. ಮೇಡಂ ಡಿಪಾರ್ಟ್‌ಮೆಂಟಿಗೆ ಬರೋ ಸ್ಥಿತೀಲಿರಲಿಲ್ಲ ಅಂತ ನಾನೇ ನನ್ ಕಾರಲ್ಲಿ ತಂದುಕೊಟ್ಟೆ. ಅದು ಹೊರಗೆ ಬಂದ್ರೆ ಮೂವತ್ತೆಂಟು ಜನರ ರಿಸಲ್ಟೂ ಅಲ್ಲಾಡುತ್ತೆ. ಮೇಡಂ ಹೆಸರು ಪರೀಕ್ಷಕರ ಪಟ್ಟಿಯಿಂದ ತೆಗೀತಾರೆ. ಪದಕ ಗಿದಕ ಏನೂ ಇರಲ್ಲ."

ನಾನು ತಲೆಯಾಡಿಸಿದೆ. ಎಷ್ಟು ಸಲ ಆಡಿಸಿದೆನೋ. ಬೆನಿಫಿಟ್ ಆಫ್ ಡೌಟ್ ಎಂದು ಏನೋ ಹೇಳಲು ಹೋದೆ, ಅದು ಯಾರಿಗೆ ಸಲ್ಲಬೇಕು ಎಂದು ಹೊಳೆಯಲಿಲ್ಲ.

ಹೋಗುವಾಗ ಜೀವನಚರಿತ್ರೆ ಎಲ್ಲಿಗೆ ಬಂತು ಎಂದರು. ಮುಗಿಯುತ್ತಾ ಬಂತು ಎಂದೆ.

ಆಗಸ್ಟ್ 19, ಮಂಗಳವಾರ

ಇದನ್ನು ಎಲ್ಲಾದರೂ ಬರೆಯಲೇಬೇಕು. ಇದು ನನ್ನ ಡೈರಿ, ನಾನಲ್ಲದೆ ಓದುವವರು ಯಾರು?

ಆ ಲಿಸ್ಟು ಬರೆದದ್ದು ನಾನು.

ಜನವರಿಯ ಕೊನೆ. ಕೀಮೋ ಆಗಿ ಅವಳ ಬೆರಳಿಗೆ ಸ್ಪರ್ಶವೇ ಇರಲಿಲ್ಲ, ಅಂಗಿಯ ಗುಂಡಿ ನಾನು ಹಾಕಬೇಕಿತ್ತು. ಆದರೂ ಮೂವತ್ತೆಂಟು ಪತ್ರಿಕೆಯನ್ನೂ ತಾನೇ ತಿದ್ದಿದಳು, ದಿನಕ್ಕೆ ಮೂರು, ನಾಲ್ಕು. ಪತ್ರಿಕೆಯ ಮೇಲೆ ಅಂಕ ಹಾಕಿದ್ದೂ ಅವಳೇ. ಲಿಸ್ಟಿನ ಸಣ್ಣ ಸಣ್ಣ ಚೌಕದಲ್ಲಿ ಬರೆಯಲು ಮಾತ್ರ ಆಗಲಿಲ್ಲ. "ನಾನು ಓದ್ತೀನಿ, ನೀವು ತುಂಬ್ರಿ" ಎಂದಳು. ಅವಳು ದಿಂಬಿಗೊರಗಿ ಒಂದೊಂದು ಅಂಕ ಓದಿ ಕಣ್ಣು ಮುಚ್ಚುತ್ತಿದ್ದಳು, ನಾನು ತುಂಬುತ್ತಿದ್ದೆ. ಹೆಸರಿರಲಿಲ್ಲ, ಬರೀ ನಂಬರು. ಕೊನೆಗೆ ಅವಳು ನೋಡದೆ ಸಹಿ ಮಾಡಿದಳು. ನಾನು ಬರೆದದ್ದನ್ನು ಅವಳು ನೋಡಬೇಕೆ?

ಇಪ್ಪತ್ತೇಳೂವರೆ ಎಂದು ಓದಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಇಪ್ಪತ್ತೇಳು ಎಂದು ಬರೆದೆ. ಮರೆತಲ್ಲ. ಕೇಳಿಸದೆ ಅಲ್ಲ. ನಮ್ಮ ಇನ್ಸ್‌ಪೆಕ್ಷನ್ನಿನಲ್ಲಿ ಅರ್ಧ ಬಂದರೆ ಕೆಳಗಿನ ಅಳತೆಯನ್ನೇ ಬರೆಯಬೇಕು. ಸೇರಿದ ಮೊದಲ ವಾರ ಫೋರ್‌ಮನ್ ಈರಪ್ಪನವರು ನನ್ನ ರಿಜಿಸ್ಟರು ನೋಡಿ, "ಲೇ, ನೀನು ಮಾಲಿನ ವಕೀಲ ಅಲ್ಲ ಕಣೋ. ಡೌಟ್ ಬಂತಾ, ಕೆಳಗೆ ಇಳಿಸು" ಎಂದಿದ್ದರು. ಮೂವತ್ತೆರಡು ವರ್ಷ ಇಳಿಸಿದೆ. ಒಂದು ಬೇರಿಂಗೂ ವಾಪಸು ಬರಲಿಲ್ಲ. ಚೌಕದಲ್ಲಿ ಅರ್ಧಕ್ಕೆ ಜಾಗ ಇರಲಿಲ್ಲ, ಅವಳನ್ನು ಎಬ್ಬಿಸಿ ಕೇಳುವುದೇಕೆಂದು ನನಗೆ ಗೊತ್ತಿದ್ದ ಹಾಗೆ ಮಾಡಿದೆ. ಅಂಥವು ಐದೋ ಆರೋ ಇದ್ದವು. ಮಿಕ್ಕವರೆಲ್ಲ ಅರ್ಧ ಹೋದರೂ ಪಾಸು.

ಅವತ್ತು ನನಗೆ ಒಳಗೊಳಗೇ ಜಂಬವಿತ್ತು, ಬಿ.ಎಸ್ಸಿ. ಮುಗಿಸದವನು ಪ್ರೊಫೆಸರ ಕೆಲಸ ಮಾಡಿದೆ ಎಂದು. ಅದನ್ನೂ ಬರೆದಿಡುತ್ತೇನೆ.

ಈಗ ಹೇಳಿದರೆ ಅವಳ ಹೆಸರು ಹೋಗುತ್ತದೆ. ಹೇಳದಿದ್ದರೆ ಆ ಹುಡುಗಿ. ಹುಡುಗಿಗೆ ಇಪ್ಪತ್ಮೂರು ವರ್ಷ, ಇನ್ನೊಂದು ದಾರಿ ಸಿಗುತ್ತದೆ. ಸತ್ತವರಿಗೆ ಇನ್ನೊಂದು ಹೆಸರು ಸಿಗುವುದಿಲ್ಲ. ಇಷ್ಟು ಬರೆದು ಓದಿಕೊಂಡೆ. ಸರಿಯಾಗಿಯೇ ಇದೆ.

ಆಗಸ್ಟ್ 27, ಗಣೇಶನ ಹಬ್ಬ

ಹೂವು ತರಲು ಹೋಗಿದ್ದೆ. ನಾಗಸಂದ್ರ ಮೆಟ್ರೊ ಕೆಳಗೆ ಮಹಾಂತಮ್ಮ ಎದುರಾದರು. ಹಬ್ಬದ ದಿನವೂ ಫ್ಯಾಕ್ಟರಿ, ಓವರ್‌ಟೈಮಂತೆ. ಮಾತಾಡಿಸದೆ ಹೋಗುತ್ತಾರೆ ಎಂದುಕೊಂಡೆ. ನಿಂತರು.

"ಕಣ್ಣು ಹೆಂಗದಾವ್ರಿ ಸರ ಈಗ?"

"ಪರವಾಗಿಲ್ಲ."

"ಚಲೋ ಆತ್ ಬಿಡ್ರಿ. ನಮ್ಮಾಕಿ ವಠಾರದಾಗ ಹೊರಗs ಬರವಲ್ಲಳು. ಮಾಲಕ್ರ ಹೆಂಡತಿ ಕೇಳ್ತಾಳ, 'ಏನವಾ, ಕಾಪಿ ಹೊಡದ್ ಸಿಕ್ಕಾಳಂತಲ್ಲ ನಿನ್ ಮಗಳು' ಅಂತ. ಹದಿನಾರು ವರ್ಷ ನಾ ಕಾಲರ್ ಹೊಲದೀನಿ ಸರ, ಅರ್ಧ ನೂಲು ಆಚೀಚೆ ಆದ್ರ ನಾನs ಬಿಚ್ಚಿ ಹೊಲೀತೀನಿ. ಯಾರದೋ ತಪ್ಪು ಅಂತ ಮುಂದಿನ ಮಷೀನಿಗೆ ದಬ್ಬೂದಿಲ್ಲ."

ಅವರಿಗೆ ಏನಾದರೂ ಗೊತ್ತಿರಬಹುದೇ? ಇರಲಾರದು. ಹೂವು ತರಲು ಮರೆತು ಬಂದೆ. ಪಕ್ಕದ ಬೀದಿಯಲ್ಲಿ ಪೆಂಡಾಲಿನ ಮೈಕು ನಾಲ್ಕು ಗಂಟೆಯಿಂದ ಒಂದೇ ಹಾಡು.

ಸೆಪ್ಟೆಂಬರ್ 2, ಮಂಗಳವಾರ

ಅವರ ಮನೆಗೆ ಹೋಗಿದ್ದೆ. ಏಕೆ ಹೋದೆನೋ ನನಗೇ ಸ್ಪಷ್ಟವಿಲ್ಲ, ಜೆರಾಕ್ಸ್ ಇನ್ನೊಮ್ಮೆ ನೋಡಿದರೆ ಅನುಮಾನವಾದರೂ ಹೋಗಲಿ ಎಂದಿರಬೇಕು. ಚೊಕ್ಕಸಂದ್ರದಲ್ಲಿ ಎರಡನೇ ಮಹಡಿಯ ಒಂದು ಕೋಣೆ. ಭಾಗ್ಯಶ್ರೀ ಒಬ್ಬಳೇ ಇದ್ದಳು. ಬಾಗಿಲು ಪೂರ್ತಿ ತೆರೆದಿಟ್ಟು, ಮೆಟ್ಟಿಲ ಮೇಲೆ ಕೂತು ತೋರಿಸಿದಳು.

ಮೊದಲ ಪುಟದ ಮೊತ್ತ ಮಾತ್ರ ನೋಡಿದ್ದೆ ಅವತ್ತು. ಇವತ್ತು ಒಳಗಿನ ಪುಟ ತಿರುಗಿಸಿದೆ. ಹನ್ನೊಂದನೇ ಪುಟದಲ್ಲಿ ಒಂದು ಲೆಕ್ಕ. ಉತ್ತರ ತಪ್ಪು, ಸುಮಂಗಲಾ ಪೂರ್ತಿ ಸೊನ್ನೆ ಹಾಕಿದ್ದಾಳೆ. ಆ ಸೊನ್ನೆಯನ್ನು ಹೊಡೆದು ಪಕ್ಕದಲ್ಲಿ ಅರ್ಧ. ಅರ್ಧದ ಗೆರೆ ಬೆರಳು ಜಾರಿ ಪುಟದ ಅಂಚಿನ ತನಕ ಹೋಗಿದೆ.

ಆಗ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

ಅವಳು ಪತ್ರಿಕೆಯನ್ನು ಮೊದಲ ಸಲ ಪೆನ್ನಿಲ್ಲದೆ ಓದುವಳು, ಎರಡನೇ ಸಲ ಪೆನ್ನು ಹಿಡಿದು. ಪಾಸು ಫೇಲಿನ ಗಡಿಯಲ್ಲಿ ನಿಂತವರನ್ನು ಮಾತ್ರ ಮೂರನೇ ಸಲ. ಅವತ್ತು ವಾಂತಿ ಮಾಡಿಕೊಂಡು ಬಂದು ಮತ್ತೆ ಆ ಪತ್ರಿಕೆ ಎತ್ತಿಕೊಂಡಳು. ಬಿಡೇ, ಇಪ್ಪತ್ತೇಳು ಅಂದರೆ ಇಪ್ಪತ್ತೇಳು ಎಂದೆ ನಾನು. "ಇಲ್ಲ ಕಣ್ರೀ. ಈ ಮಗು ಉತ್ತರ ತಪ್ಪು ಮಾಡಿದೆ, ಆದ್ರೆ ಈ ಒಂದು ಹೆಜ್ಜೆ ಇಡೀ ಕ್ಲಾಸಲ್ಲಿ ಇದೊಂದೇ ಸರಿಯಾಗಿ ಇಟ್ಟಿರೋದು. ಇದಕ್ಕೆ ಕೊಡದಿದ್ರೆ ನಾನ್ಯಾಕೆ ಓದ್ಬೇಕು?" ಎಂದಳು. ಪೆನ್ನು ಎರಡು ಸಲ ಕೈಯಿಂದ ಬಿತ್ತು. ಎರಡು ಸಲವೂ ನಾನೇ ಎತ್ತಿಕೊಟ್ಟೆ. ಇಪ್ಪತ್ತು ನಿಮಿಷ ಹಿಡಿಯಿತು ಆ ಅರ್ಧಕ್ಕೆ.

ಅದನ್ನೇ ನಾನು ಕೆಳಗೆ ಇಳಿಸಿದ್ದು.

"ಸಾರ್, ನೀರು ತರ್ಲಾ?" ಎಂದಳು ಭಾಗ್ಯಶ್ರೀ.

ಬೇಡ ಎಂದೆ. ಈ ಲೆಕ್ಕ ನನಗೆ ಸ್ವಲ್ಪ ಬಿಡಿಸಿ ಹೇಳು ಎಂದೆ. ಹೇಳಿದಳು. ಎಲ್ಲಿ ತಪ್ಪಿದೆ, ಯಾವ ಹೆಜ್ಜೆ ಸರಿ ಎಂದು. ಅರ್ಧ ಗಂಟೆ ಕೂತೆ. ಬಿ.ಎಸ್ಸಿ.ಯಲ್ಲಿ ಅರ್ಥವಾಗದ ಟೈಟ್ರೇಷನ್ ಲೆಕ್ಕ ಅರವತ್ಮೂರನೇ ವಯಸ್ಸಿಗೆ ಮೆಟ್ಟಿಲ ಮೇಲೆ ಅರ್ಥವಾಯಿತು.

ಮನೆಗೆ ಬಂದು ಜೀವನಚರಿತ್ರೆ ತೆಗೆದು ಕೂತೆ. ಪಿಯುಸಿಯಲ್ಲಿ ಫೇಲಾದದ್ದನ್ನು ಸೇರಿಸಿದೆ. ಮೂವತ್ತೊಂದು ವರ್ಷದ ವಾಕ್ಯವನ್ನು ಹೊಡೆದುಹಾಕಿದೆ. ಇಷ್ಟೇ, ಬೇರೇನೂ ನಿರ್ಧಾರ ಮಾಡಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಬಿಳಿ ಅಂಗಿಗೆ ಇಸ್ತ್ರಿ ಮಾಡಿದೆ. ಯಾವುದಕ್ಕೂ ಇರಲಿ.

ಸೆಪ್ಟೆಂಬರ್ 9, ಮಂಗಳವಾರ

ವಿಚಾರಣೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಹೋದೆ. ಕೋಣೆಯ ಹೊರಗೆ ಬೆಂಚಿನ ಮೇಲೆ ಭಾಗ್ಯಶ್ರೀ, ಮಹಾಂತಮ್ಮ. ನನ್ನನ್ನು ನೋಡಿ ಮಹಾಂತಮ್ಮ ಸ್ವಲ್ಪ ಸರಿದು ಜಾಗ ಬಿಟ್ಟರು. ಒಳಗೆ ಹೋಗುತ್ತಿದ್ದ ವಿಶ್ವನಾಥ್ ನನ್ನನ್ನು ಕಂಡು ನಿಂತರು. "ಮನೆಗೆ ಹೋಗಿ ಸಾರ್" ಎಂದರು, ಬರೀ ತುಟಿಯಲ್ಲಿ.

ಹುಡುಗಿಯನ್ನು ಕರೆದಾಗ ನಾನೂ ಎದ್ದು ಒಳಗೆ ಹೋದೆ. ಮೂವರು ಕೂತಿದ್ದರು. ನಡುವಿನವರು ಸವಿತಾ ಎಂದು, ಪರೀಕ್ಷಾ ವಿಭಾಗದ ಉಪಕುಲಸಚಿವೆ.

"ನೀವ್ಯಾರು?"

ನಿಂತುಕೊಂಡೇ, "ಐ ಬೆಗ್ ಟು ಸ್ಟೇಟ್ ದಟ್" ಎಂದೆ. ಮುಂದಿನ ಇಂಗ್ಲಿಷು ಬರಲಿಲ್ಲ. ಒಬ್ಬರು ಮುಗುಳ್ನಕ್ಕರು.

"ಕನ್ನಡದಲ್ಲೇ ಹೇಳಿ ಸಾರ್, ಕೂತ್ಕೊಳ್ಳಿ" ಎಂದರು ಸವಿತಾ ಮೇಡಂ.

ಹೇಳಿದೆ. ಹರಪನಹಳ್ಳಿಯಿಂದ ಶುರುಮಾಡಿದೆ ಎಂದು ಕಾಣುತ್ತದೆ, ಅವರು ಎರಡು ಸಲ "ವಿಷಯಕ್ಕೆ ಬನ್ನಿ" ಎಂದರು. ವಿಷಯಕ್ಕೆ ಬಂದೆ. ಲಿಸ್ಟು ತುಂಬಿದವನು ನಾನು, ಅರ್ಧ ತೆಗೆದವನು ನಾನು, ಅವಳು ಇಪ್ಪತ್ತೇಳೂವರೆ ಎಂದೇ ಓದಿದಳು ಎಂದೆ.

"ಇದಕ್ಕೆ ಪುರಾವೆ?"

ಬಿಳಿ ಹಾಳೆ ಕೊಟ್ಟು ಅಂಕಿ ಬರೆಸಿದರು. ಲಿಸ್ಟಿನ ಪಕ್ಕ ಇಟ್ಟು ಮೂವರೂ ಬಗ್ಗಿ ನೋಡಿದರು. ಕಾರ್ಖಾನೆಯಲ್ಲಿ ನಾವು ಏಳಕ್ಕೆ ಅಡ್ಡಗೆರೆ ಹಾಕುತ್ತೇವೆ, ಒಂದು ಎಂದು ಯಾರೂ ಓದಬಾರದೆಂದು. ಲಿಸ್ಟಿನ ಏಳಕ್ಕೆಲ್ಲ ಅಡ್ಡಗೆರೆಯಿತ್ತು.

"ಇದು ಗೌಪ್ಯ ಕೆಲಸ ಅಂತ ನಿಮಗೆ ಗೊತ್ತಿರಲಿಲ್ವಾ? ಪ್ರೊಫೆಸರಿಗೆ ಗೊತ್ತಿರಲೇಬೇಕಲ್ಲ?"

"ಗೊತ್ತಿತ್ತು. ಬೇರೆಯವರಿಗೆ ಕೊಟ್ಟರೆ ಸರಿಯಾಗಿ ಓದುವುದಿಲ್ಲ ಎಂದು ಅವಳು ಕಟ್ಟು ಬಿಡಲಿಲ್ಲ. ಅದು ಅವಳ ತಪ್ಪು." ಅವಳ ತಪ್ಪು ಎಂದು ನನ್ನ ಬಾಯಲ್ಲೇ ಬಂತು. ನಾಲಗೆ ಬಿದ್ದುಹೋಗಲಿಲ್ಲ.

"ಕಟ್ಟು ನಿಮ್ಮ ಮನೆಗೆ ಹೇಗೆ ಬಂತು?"

ಇದಕ್ಕೆ ನಾನು ಸಿದ್ಧನಾಗಿರಲಿಲ್ಲ. ಬಸ್ಸಿನಲ್ಲಿ ನಾನೇ ತಂದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಯ ಕಡೆ ಕೂತಿದ್ದ ವಿಶ್ವನಾಥ್ ಎದ್ದು ನಿಂತರು.

"ನಾನೇ ಮೇಡಂ. ನನ್ನ ಕಾರಲ್ಲಿ. ಡಿಕ್ಕೀಲಿಟ್ಕೊಂಡು ಹೋದೆ."

ಹೊರಗೆ ಬಂದ ಮೇಲೆ ವಿಶ್ವನಾಥ್ ಕಾರಿನ ಬಾಗಿಲು ತೆಗೆದು, "ಮೆಟ್ರೊ ತನಕ ಬಿಡ್ತೀನಿ, ಕೂತ್ಕೊಳ್ಳಿ" ಎಂದರು. ಕೂತೆ. ದಾರಿಯುದ್ದಕ್ಕೂ ಇಬ್ಬರೂ ಸಿಗ್ನಲ್ ನೋಡಿದೆವು.

ಸೆಪ್ಟೆಂಬರ್ 12, ಶುಕ್ರವಾರ

ಕಾರ್ಯಕ್ರಮ ಮುಂದೂಡಲಾಗಿದೆ ಎಂದು ವಾಟ್ಸಾಪಿನಲ್ಲಿ ಬಂತು. ಯಾವತ್ತಿಗೆ ಎಂದಿಲ್ಲ. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಒಬ್ಬ "ಮೇಡಂ ಕೂಡ ಹೀಗಾ?" ಎಂದು ಬರೆದಿದ್ದಾನೆ. ಅದಕ್ಕೆ ಹದಿನೇಳು ಜನ ಹೆಬ್ಬೆರಳು ಒತ್ತಿದ್ದಾರೆ. ಎಣಿಸಬಾರದಿತ್ತು. ಹೀಗೇ ಕಣಪ್ಪಾ ಎಂದು ಬರೆಯಲು ಹೋದೆ. ಕನ್ನಡ ಟೈಪು ಕೈಹತ್ತಲಿಲ್ಲ.

ಊಟ ಸೇರಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ಇನ್ನೂ ಆದೇಶವಿಲ್ಲ. ಮೂವತ್ತಕ್ಕೆ ಆರು ದಿನ. ಪರೀಕ್ಷಾ ವಿಭಾಗಕ್ಕೆ ಇವತ್ತೂ ಸೇರಿ ನಾಲ್ಕು ಸಲ ಹೋಗಿ ಬಂದೆವು, ನಾನು ಮತ್ತು ಭಾಗ್ಯಶ್ರೀ. ಫೈಲು ಮೇಲಿದೆ ಎನ್ನುತ್ತಾರೆ. ಮೇಲೆ ಹೋದರೆ ಕೆಳಗಿದೆ ಎನ್ನುತ್ತಾರೆ. ಕಾಯುವಾಗ ಹುಡುಗಿ ತನ್ನ ಹಳೆಯ ಪ್ರಶ್ನೆಪತ್ರಿಕೆ ತೆಗೆದು ನನಗೆ ಒಂದೊಂದೇ ಲೆಕ್ಕ ಕೊಡುತ್ತಾಳೆ. ಇವತ್ತಿನದು ಬರಲಿಲ್ಲ. "ಸ್ಟೆಪ್ ಸರಿ ಇದೆ ಸಾರ್, ಅರ್ಧ ಕೊಡ್ಬೋದು" ಎಂದಳು. ನಾಳೆಗೆ ಇನ್ನೊಂದು ಇದೆ.

ಸೆಪ್ಟೆಂಬರ್ 29, ಸೋಮವಾರ

ಸಂಜೆ ಐದಕ್ಕೆ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟರು. ಇಪ್ಪತ್ತೆಂಟು. ಪಾಸು. ಕಂಪನಿಗೆ ಅಲ್ಲಿಂದಲೇ ಫೋಟೊ ಕಳಿಸಿದಳು. ತಾಯಿಗೆ ಫೋನ್ ಮಾಡಿದರೆ ಮಷೀನಿನ ಸದ್ದಿನಲ್ಲಿ ಮೂರು ಸಲ ಹೇಳಬೇಕಾಯಿತು. ಆಮೇಲೆ ಫೋನು ನನಗೆ ಕೊಟ್ಟಳು. "ಸರ," ಎಂದರು ಮಹಾಂತಮ್ಮ. ಬಹಳ ಹೊತ್ತು ಮಷೀನಿನ ಸದ್ದೇ ಕೇಳಿಸಿತು. "ಸೂಪರ್‌ವೈಸರ್ ಬಂದ್ಳು, ಇಡ್ತೀನ್ರಿ."

ಅಕ್ಟೋಬರ್ 16, ಗುರುವಾರ

ರಿಜಿಸ್ಟರ್ಡ್ ಪೋಸ್ಟು. ಪೋಸ್ಟ್‌ಮನ್ "ಪ್ರೊಫೆಸರ್ ಸುಮಂಗಲಾ ಇದಾರಾ?" ಎಂದ. ಹೊಸಬ. ಹೊರಗೆ ಹೋಗಿದ್ದಾರೆ, ನನಗೆ ಕೊಡಿ ಎಂದೆ.

ವಿಶ್ವವಿದ್ಯಾಲಯದ ಆದೇಶ, ಅವಳ ಹೆಸರಿಗೇ ಬಂದಿದೆ. ಮೂರು ಅಂಶ. ಒಂದು, ಭಾಗ್ಯಶ್ರೀ ಮೇಲಿನ ಆರೋಪ ಕೈಬಿಟ್ಟಿದೆ, ಅಂಕ ತಿದ್ದುಪಡಿಯಾಗಿದೆ. ಎರಡು, ವಿಭಾಗದ ಮುಖ್ಯಸ್ಥರಿಗೆ ಲಿಖಿತ ಎಚ್ಚರಿಕೆ. ಮೂರು, ಸದರಿ ಪ್ರೊ. ಸುಮಂಗಲಾ ಅವರನ್ನು ಮುಂದಿನ ಮೂರು ವರ್ಷಗಳ ಅವಧಿಗೆ ಎಲ್ಲ ಪರೀಕ್ಷಾ ಕಾರ್ಯಗಳಿಂದ ನಿರ್ಬಂಧಿಸಿದೆ.

ಫೋಟೊದ ಮುಂದೆ ನಿಂತು ಜೋರಾಗಿ ಓದಿದೆ. ಮೂರನೆಯದನ್ನು ಓದುವಾಗ ನಗು ತಡೆಯಲಾಗಲಿಲ್ಲ. ಮೂರು ವರ್ಷ ಕಟ್ಟು ಮುಟ್ಟುವ ಹಾಗಿಲ್ಲವಂತೆ ಕಣೆ, ಆಸ್ಪತ್ರೆಯ ಡಾಕ್ಟರು ಹೇಳಿದರೂ ನೀನು ಕೇಳಲಿಲ್ಲ, ಈಗ ಕುಲಸಚಿವರೇ ಹೇಳಿದ್ದಾರೆ ಎಂದೆ. ಪಕ್ಕದ ಮನೆಯ ಕಮಲಮ್ಮ ಕಾಂಪೌಂಡಿನಿಂದ ಇಣುಕಿ, "ಯಾರು ಬಂದಿದಾರೆ ಸಾರ್?" ಎಂದರು.

ಆದೇಶದ ಕೊನೆಯಲ್ಲಿ, ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂದಿದೆ. ನಾವು ಸಲ್ಲಿಸುವುದಿಲ್ಲ.